ಉಣ್ಣೆ ಜ್ವರದ ಕೋರ್ಸ್ ಮುಗಿದ ಮೇಲೂ ಜ್ವರ ಮತ್ತೆ ಬಂದಿದೆ (ಶೆಲ್ಟರ್ ನಾಯಿ, ಸುಂಟಿಕೊಪ್ಪ)

ಕಣದಮನೆ:
ತಲೆ ಕೆಟ್ಟು ಹೋಗಿದೆ. ಮೇ ಕೊನೇಲಿ ಮೈಸೂರಿನ ಒಂದು ಶೆಲ್ಟರಿಂದ ನಾಟಿ ನಾಯಿ ತಂದ್ವಿ. ಹೆಣ್ಣು, ಮೂರು ವರ್ಷ ಇರಬಹುದು, ಹೆಸರು ಚಿಂಬಿ. ಕೊಡುವಾಗಲೇ ಹೇಳಿದ್ರು: ಎರ್ಲಿಕಿಯಾ ಇದೆ, ಉಣ್ಣೆ ಕಚ್ಚಿ ಬರೋ ಜ್ವರ, ವಾಸಿಯಾಗೋ ಕಾಯಿಲೆ, 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಿ ಅಂತ. ಕೊಟ್ವಿ. ಚೆನ್ನಾಗಿ ಓಡಾಡ್ತಿತ್ತು. ಈಗ ನಾಲ್ಕು ದಿನದಿಂದ ಮೂಲೆ ಹಿಡಿದಿದೆ, ಜ್ವರ 104, ವಸಡು ಬಿಳಚಿದೆ. ಔಷಧಿ ಡೂಪ್ಲಿಕೇಟಾ? ಬೇರೆ ಏನು ಕೊಡಬೇಕು?

ನಾಪೋಕ್ಲು_ನಾಯಿಮನೆ:
ಇದು ಬಬೇಸಿಯಾ. ಬರೆದಿಟ್ಕೊಳ್ಳಿ. ಎರ್ಲಿಕಿಯಾ ಬ್ಯಾಕ್ಟೀರಿಯಾ, ಡಾಕ್ಸಿಗೆ ಬಗ್ಗುತ್ತೆ. ಬಬೇಸಿಯಾ ಕೆಂಪು ರಕ್ತಕಣದ ಒಳಗೇ ಕೂರೋ ಪರಾವಲಂಬಿ, ಅದಕ್ಕೆ ಬೇರೆ ಮದ್ದು. ಒಂದೇ ನಾಯೀಲಿ ಎರಡೂ ಇರೋದು ಅಪರೂಪ ಏನಲ್ಲ. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆಯಾ ನೋಡಿ.

ಕಣದಮನೆ:
ಉಚ್ಚೆ ಬಣ್ಣ ಈ ಮಳೇಲಿ ಯಾರು ನೋಡ್ತಾರೆ ಸಾರ್. ಹಾಂ, ಮೂಗಿಂದ ಎರಡು ಸಲ ರಕ್ತ ಬಂತು, ಅದನ್ನ ಬರೆಯೋಕೆ ಮರೆತೆ.

ಹಳೇ_ರೈಟರ್:
ಮಾರಾಯ್ರೆ, ಅದನ್ನಲ್ವಾ ಮೊದಲು ಹೇಳೋದು! ಇಂಬಳ, ಅದೇ ಜಿಗಣೆ. ತೋಟದ ಹಳ್ಳದಲ್ಲಿ ನೀರು ಕುಡಿಯುವಾಗ ಮೂಗಿಗೆ ಹತ್ತಿರುತ್ತೆ. ನಮ್ಮ ತೋಟದಲ್ಲಿ ಪ್ರತಿ ಮಳೆಗಾಲಕ್ಕೂ ಒಂದಲ್ಲ ಒಂದು ನಾಯಿಗೆ ಇದೇ ಕತೆ. ಒಂದೇ ಹೊಳ್ಳೆಯಿಂದ ಬರ್ತಿದೆಯಾ? ಅರ್ಧ ದಿನ ನೀರು ಕೊಡದೆ ಆಮೇಲೆ ಬಟ್ಟಲಲ್ಲಿ ತಣ್ಣೀರು ಹಿಡೀರಿ, ಇಂಬಳ ತಾನೇ ತಲೆ ಹೊರಗೆ ಹಾಕುತ್ತೆ, ಚಿಮ್ಮಟದಲ್ಲಿ ಎಳೀರಿ.

ನಾಪೋಕ್ಲು_ನಾಯಿಮನೆ:
ಇಂಬಳಕ್ಕೆ 104 ಜ್ವರ ಬರುತ್ತಾ ಸ್ವಾಮಿ? ಜ್ವರದ ನಾಯಿಗೆ ಅರ್ಧ ದಿನ ನೀರು ಬಂದ್ ಮಾಡು ಅಂತೀರಲ್ಲ. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ ಕಮ್ಮಿಯಾದ್ರೂ ಮೂಗಲ್ಲಿ ರಕ್ತ ಬರುತ್ತೆ.

ಹಳೇ_ರೈಟರ್:
ನಾನು ನಲವತ್ತು ವರ್ಷ ತೋಟ ಸುತ್ತಿದವನು. ನೀವು ಪುಸ್ತಕ ಓದಿ.

ಮಳೆ_ಮಡಿಕೇರಿ:
ಎಲ್ಲರೂ ನಾಯಿ ಬಗ್ಗೆನೇ ಹೇಳ್ತಿದೀರ. ಮನೇಲಿ ಮಕ್ಕಳಿದ್ರೆ ಹುಷಾರು, ಉಣುಗಿಂದ, ಅದೇ ಉಣ್ಣೆಯಿಂದ, ಮಂಗನ ಕಾಯಿಲೆ ಬರುತ್ತೆ.

ಗೋಣಿಕೊಪ್ಪ_ಅಕ್ಕ:
ಸುಮ್ನೆ ಹೆದರಿಸಬೇಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಅದು ವೈರಸ್. ಹರಡೋದು ಮುಖ್ಯವಾಗಿ ಕಾಡಿನ ಉಣುಗು. ನಾಯಿಗೆ ಎರ್ಲಿಕಿಯಾ ತರೋ ಕಂದು ಉಣುಗು ಬೇರೆ ಜಾತಿ, ಅದು ಮನೆ-ಕೊಟ್ಟಿಗೇಲೇ ಸಂಸಾರ ಹೂಡೋದು.

ಮಳೆ_ಮಡಿಕೇರಿ:
ಹುಷಾರು ಅಂದೆ ಅಷ್ಟೆ. ಜ್ವರಕ್ಕೆ ಸದ್ಯಕ್ಕೆ ನಮ್ಮ ಪ್ಯಾರಸಿಟಮಾಲ್ ಅರ್ಧ ಕೊಟ್ಟು ನೋಡಬಹುದಲ್ವಾ?

ಗೋಣಿಕೊಪ್ಪ_ಅಕ್ಕ:
ಬೇಡವೇ ಬೇಡ! ಮನುಷ್ಯರ ಜ್ವರ-ನೋವಿನ ಮಾತ್ರೆ ಯಾವುದನ್ನೂ ಡಾಕ್ಟರ್ ಕೇಳದೆ ನಾಯಿಗೆ ಹಾಕಬಾರದು. ಪ್ಯಾರಸಿಟಮಾಲ್ ಪ್ರಮಾಣ ತಪ್ಪಿದ್ರೆ ಲಿವರ್ ಹೋಗುತ್ತೆ. ಐಬುಪ್ರೊಫೆನ್ ಹೊಟ್ಟೇಲಿ ಹುಣ್ಣು ಮಾಡುತ್ತೆ, ರಕ್ತ ಸೋರ್ತಿರೋ ನಾಯಿಗೆ ವಿಷವೇ.
ಕಣದಮನೆಯವರೇ, ನನ್ನದು ಎರಡೇ ಪ್ರಶ್ನೆ. ಮಾತ್ರೆ ಯಾವುದರ ಜೊತೆ ಕೊಟ್ರಿ? ಚಿಂಬಿ ಮಲಗೋದು ಎಲ್ಲಿ?

ಕಣದಮನೆ:
ಅದರಲ್ಲೇನಿದೆ ಅಕ್ಕ, ಎಲ್ಲರ ಹಾಗೇ, ಪುಡಿ ಮಾಡಿ ಹಾಲಲ್ಲಿ. ಬರೀ ಹೊಟ್ಟೇಲಿ ಬೆಳಿಗ್ಗೆ. ವಾಂತಿ ಆಯ್ತು ಅಂತ ನಡುವೆ ಐದು ದಿನ ನಿಲ್ಲಿಸಿದ್ವಿ, ಆಮೇಲೆ ಮತ್ತೆ ಶುರು ಮಾಡಿ ಒಟ್ಟು ಲೆಕ್ಕ ಸರಿ ಮಾಡಿದ್ವಿ. ಮಲಗೋದು ಸೌದೆ ಕೊಟ್ಟಿಗೇಲಿ, ಬೆಚ್ಚಗಿರುತ್ತೆ. ಉಣ್ಣೆಗೆ ಬೆನ್ನಿಗೆ ಡ್ರಾಪ್ಸ್ ಹಾಕ್ತೀವಿ, ವಾರಕ್ಕೆ ಎರಡು ಸಲ ಸ್ನಾನನೂ ಮಾಡಿಸ್ತೀವಿ. ಆದ್ರೂ ಕಿವೀಲಿ ಸಿಗ್ತಾನೇ ಇವೆ.

ಗೋಣಿಕೊಪ್ಪ_ಅಕ್ಕ:
ಅಯ್ಯೋ ದೇವ್ರೇ. ಹಾಲಿನ ಕ್ಯಾಲ್ಸಿಯಂ ಡಾಕ್ಸಿಯನ್ನ ಹಿಡ್ಕೊಂಡುಬಿಡುತ್ತೆ, ಮದ್ದು ಮೈಗೆ ಪೂರ್ತಿ ಸೇರಲ್ಲ. ಹಳೇ ಟೆಟ್ರಾಸೈಕ್ಲಿನ್‌ನಷ್ಟು ಕೆಟ್ಟದಾಗಿ ಅಲ್ಲ, ಆದ್ರೂ ಬೇಡ. ಮೊಸರನ್ನ, ಕ್ಯಾಲ್ಸಿಯಂ ಟಾನಿಕ್ಕೂ ಹಾಗೇ. ವಾಂತಿ ಬರೀ ಹೊಟ್ಟೆಗೆ ಕೊಟ್ಟಿದ್ದಕ್ಕೇ ಆಗಿರುತ್ತೆ. ಅನ್ನ-ಕೋಳಿ ತಿನ್ನಿಸಿ, ಅದರ ಜೊತೆ ಮಾತ್ರೆ, ಮೇಲೆ ಒಂದಷ್ಟು ನೀರು. ಗಂಟಲಲ್ಲಿ ಅಂಟಿ ನಿಂತ್ರೆ ಅನ್ನನಾಳ ಸುಡುತ್ತೆ. ಐದು ದಿನ ಬಿಟ್ಟು ಲೆಕ್ಕ ಸರಿ ಮಾಡೋಕೆ ಇದು ಆಳುಗಳ ಬಟವಾಡೆ ಅಲ್ಲಪ್ಪ.
ಡ್ರಾಪ್ಸ್ ಹಾಕಿದ ಹಿಂದೆಮುಂದೆ ಎರಡು ದಿನ ಸ್ನಾನ ಕೂಡದು ಅಂತ ಪ್ಯಾಕೆಟ್ ಮೇಲೇ ಇರುತ್ತೆ. ಈ ಜುಲೈ ಮಳೇಲಿ ತೋಯೋ ನಾಯಿಗೆ ಡ್ರಾಪ್ಸ್ ಬದಲು ಉಣ್ಣೆಗೆ ತಿನ್ನಿಸೋ ಮಾತ್ರೆನೇ ವಾಸಿ. ಆದ್ರೆ ಯಾವತ್ತಾದ್ರೂ ಫಿಟ್ಸ್ ಬಂದಿದ್ರೆ ಡಾಕ್ಟರಿಗೆ ಮೊದಲೇ ಹೇಳಿ. ಸೌದೆ ಕೊಟ್ಟಿಗೆ ಅಂತೂ ಉಣುಗಿನ ತವರು: ರಕ್ತ ಕುಡಿದ ಹೆಣ್ಣು ಉಣುಗು ನಾಯಿ ಮೈಯಿಂದ ಇಳಿದು ಗೋಡೆ ಬಿರುಕಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ.
ಇಲ್ಲಿ ಉತ್ತರ ಕಾಯಬೇಡಿ, ನಾಳೆನೇ ರಕ್ತ ಪರೀಕ್ಷೆ ಮಾಡಿಸಿ.

ನಾಪೋಕ್ಲು_ನಾಯಿಮನೆ:
ಎಲ್ಲ ಸರಿ. ಆದ್ರೂ ಬಬೇಸಿಯಾನೇ.

ಮುಧೋಳ_ಪೊನ್ನಂಪೇಟೆ:
ಅದಕ್ಕೇ ನಾನು ಕೊಟ್ಟಿಗೆ ಸಹವಾಸ ಬಿಟ್ಟಿದ್ದು. ನಮ್ಮ ಎರಡು ಮುಧೋಳ ತಳಿ ನಾಯಿಗೆ ಬೇರೆ ಗೂಡು. ನೆಲದಿಂದ ಎರಡಡಿ ಎತ್ತರ, ಒಳಗೆಲ್ಲ ಸಿಮೆಂಟ್ ಗಾರೆ, ಒಂದು ಬಿರುಕಿಲ್ಲ. ಭಾನುವಾರ ಭಾನುವಾರ ಪ್ರೆಶರ್ ವಾಷರ್. ನಾಯಿಗಳ ಓಟ ನೋಡ್ಬೇಕು ನೀವು, ಮೊನ್ನೆ ಗದ್ದೇಲಿ ಕಾಡುಹಂದಿನೇ ದಿಕ್ಕು ತಪ್ಪಿ ಓಡ್ತು.

ಹಳೇ_ರೈಟರ್:
ಹಂದಿ ಓಡಿದ್ದು ನಿಮ್ಮ ಪ್ರೆಶರ್ ವಾಷರ್ ಸದ್ದಿಗೆ ಇರಬೇಕು.

ಕಣದಮನೆ:
ಹೋಗಿ ಬಂದ್ವಿ. ಪ್ಲೇಟ್‌ಲೆಟ್ 48,000. ಎರಡು ಲಕ್ಷಕ್ಕಿಂತ ಕಮ್ಮಿ ಇರಬಾರದಂತೆ. ಮೂಗಲ್ಲಿ ಟಾರ್ಚ್ ಬಿಟ್ಟು ನೋಡಿದ್ರು, ಇಂಬಳ ಇಲ್ಲ. ರಕ್ತದ ಸ್ಲೈಡಲ್ಲಿ ಬಬೇಸಿಯಾ ಕಾಣಲಿಲ್ಲ. ಡಾಕ್ಸಿ ಮೊದಲಿಂದ, ಮತ್ತೆ 28 ದಿನ, ಊಟದ ಜೊತೆ. ಹಾಲಿನ ವಿಷಯ ಹೇಳಿದ್ದಕ್ಕೆ ಡಾಕ್ಟರ್ ಅಮ್ಮನ ಕಡೆ ನೋಡಿದ್ರು, ಅಮ್ಮ ನನ್ನ ಕಡೆ ನೋಡಿದ್ರು.

ನಾಪೋಕ್ಲು_ನಾಯಿಮನೆ:
ಸ್ಲೈಡಲ್ಲಿ ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಪಿಸಿಆರ್ ಮಾಡಿಸಿ.

ಗೋಣಿಕೊಪ್ಪ_ಅಕ್ಕ:
ಜ್ವರ ಇಳೀದಿದ್ರೆ ಮಾಡಿಸ್ಲಿ. ಅಲ್ಲಿವರೆಗೆ ಹಗ್ಗ ಹಾಕಿ ನಡೆಸಿ, ಓಡಿ ಬಿದ್ದು ಪೆಟ್ಟು ಮಾಡ್ಕೊಂಡ್ರೆ ರಕ್ತ ನಿಲ್ಲೋದು ಕಷ್ಟ.

ಕಣದಮನೆ:
ಐದನೇ ದಿನ. ಜ್ವರ 102ಕ್ಕೆ ಬಂದಿದೆ, ಮೂಗು ಒಣಗಿದೆ, ರಾತ್ರಿ ತಟ್ಟೆ ನೆಕ್ಕಿ ಖಾಲಿ ಮಾಡ್ತು. ಅಮ್ಮ ಅವಳನ್ನ ಅಡುಗೆಮನೆ ಒಲೆ ಪಕ್ಕಕ್ಕೆ ತಂದು ಮಲಗಿಸಿದ್ದಾರೆ. ಮೊದಲ ದಿನ ಹೊಸ್ತಿಲು ದಾಟಿಸಬೇಡ ಅಂದಿದ್ದವರೂ ಅವರೇ. ಸೌದೆ ಎಲ್ಲ ಹೊರಗೆ ಹಾಕಿ ಕೊಟ್ಟಿಗೆ ಬಿರುಕು ಮುಚ್ಚಬೇಕು. ಪೊನ್ನಂಪೇಟೆ ಅಣ್ಣ, ಆ ಪ್ರೆಶರ್ ವಾಷರ್ ಎರಡು ದಿನಕ್ಕೆ ಸಿಗುತ್ತಾ?

ಮುಧೋಳ_ಪೊನ್ನಂಪೇಟೆ:
ಮೋಟಾರ್ ಸುಟ್ಟು ರಿಪೇರಿಗೆ ಕೊಟ್ಟಿದೀನಿ.