ಹಲಗೆ ಮಗುಚುವ ಲೆಕ್ಕದಲ್ಲಿ ಮೇಜಿನ ಬಲ ಏಕೆ ಕಾಣುವುದಿಲ್ಲ?

ಪ್ರಶ್ನೆ:
4 ಮೀಟರ್ ಉದ್ದ, 20 ಕಿಲೋಗ್ರಾಂ ದ್ರವ್ಯರಾಶಿಯ ಏಕರೂಪದ ಹಲಗೆಯೊಂದು ಮೇಜಿನ ಅಂಚಿನಿಂದ 1 ಮೀಟರ್ ಹೊರಚಾಚಿದೆ. ಚಾಚಿದ ಭಾಗದ ಮೇಲೆ 30 ಕಿಲೋಗ್ರಾಂ ಭಾರವನ್ನು ಎಷ್ಟು ದೂರ ಸರಿಸಬಹುದು ಎಂಬುದಕ್ಕೆ ಪುಸ್ತಕವು 20 × 1 = 30 × ದೂರ ಎಂದು ಬರೆದು, ಸುಮಾರು 0.67 ಮೀಟರ್ ಎನ್ನುತ್ತದೆ. ಮೇಜು ಹಲಗೆಯನ್ನು ಮೇಲಕ್ಕೆ ತಳ್ಳುವ ಬಲವನ್ನು ಇಲ್ಲಿ ಬಿಟ್ಟಿರುವುದು ಹೇಗೆ ಸರಿ? ದಯವಿಟ್ಟು ವಿವರಿಸಿ.

ಉತ್ತರ 1:
ಆ ಬಲವನ್ನು ಬಿಟ್ಟಿಲ್ಲ. ಅದರ ಟಾರ್ಕ್ (ತಿರುಗಿಸುವ ಪರಿಣಾಮ, ಅಂದರೆ ಬಲ × ತಿರುಗುಬಿಂದುವಿನಿಂದ ಲಂಬದೂರ) ಸೊನ್ನೆಯಾಗಿದೆ. ಭಾರವು ಹೊರಕ್ಕೆ ಸರಿದಂತೆ ಮೇಜಿನ ಪ್ರತಿಕ್ರಿಯಾ ಬಲವು ವರ್ತಿಸುವ ಬಿಂದುವೂ ಅಂಚಿನತ್ತ ಸರಿಯುತ್ತದೆ, ಮತ್ತು ಹಲಗೆ ಇನ್ನೇನು ಮಗುಚಬೇಕು ಎನ್ನುವ ಕ್ಷಣದಲ್ಲಿ ಅದು ಅಂಚಿನಲ್ಲೇ ಇರುತ್ತದೆ. ಅಂಚನ್ನೇ ತಿರುಗುಬಿಂದುವೆಂದು ಆರಿಸಿಕೊಂಡಿರುವುದರಿಂದ ಬಲ ಎಷ್ಟೇ ದೊಡ್ಡದಿದ್ದರೂ ಅದರ ಲಂಬದೂರ ಸೊನ್ನೆ. ಈ ಆಯ್ಕೆಯ ಸೊಗಸು ನನಗೆ ಬಹಳ ಇಷ್ಟ.

ಉತ್ತರ 2:
ನಂಬಿಕೆ ಬರದಿದ್ದರೆ ಹಲಗೆಯ ಒಳತುದಿಯಿಂದ ಲೆಕ್ಕ ಹಾಕಿ ನೋಡಿ. ಗುರುತ್ವ ವೇಗೋತ್ಕರ್ಷ ಎರಡೂ ಬದಿಗೆ ಸಮಾನವಾದ್ದರಿಂದ ಅದನ್ನು ಕೈಬಿಡಬಹುದು. ಮೇಜಿನ ಬಲದ ಪಾಲು 50 × 3 = 150; ಹಲಗೆಯದು 20 × 2 = 40, ಭಾರದ್ದು 30 × 3.67, ಅಂದರೆ ಸುಮಾರು 110. ಎರಡೂ ಸೇರಿ 150. ಸ್ಥಿರವಾಗಿರುವ ವಸ್ತುವಿನ ಮೇಲಿನ ಬಲಗಳ ಮೊತ್ತ ಸೊನ್ನೆಯಾಗಿರುವುದರಿಂದ, ಒಂದು ಬಿಂದುವಿನ ಸುತ್ತ ಟಾರ್ಕ್‌ಗಳ ಮೊತ್ತ ಸೊನ್ನೆಯಾದರೆ ಬೇರೆ ಯಾವ ಬಿಂದುವನ್ನು ಆರಿಸಿದರೂ ಅದು ಸೊನ್ನೆಯೇ ಬರುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಹಲಗೆ ಮತ್ತು ಭಾರ ಎರಡರ ಒಟ್ಟು ದ್ರವ್ಯರಾಶಿ ಕೇಂದ್ರವು ಒಳತುದಿಯಿಂದ 150 ÷ 50 = 3 ಮೀಟರ್ ದೂರದಲ್ಲಿ, ಸರಿಯಾಗಿ ಅಂಚಿನ ಮೇಲೆಯೇ ಬರುತ್ತದೆಯಲ್ಲವೇ?

ಉತ್ತರ 1:
ಹೌದು. ಅದು ಅಂಚನ್ನು ದಾಟಿದೊಡನೆ ಹಲಗೆಯನ್ನು ಹಿಂದಕ್ಕೆ ತಿರುಗಿಸಬಲ್ಲ ಟಾರ್ಕ್ ಉಳಿಯುವುದಿಲ್ಲ.