ಕಾಡಿಗೆ ರೋಗ ಬಂದ ಜೋಳದ ತೆನೇಲಿ ಕರ್ರಗೆ ಮಿಂಚೋ ಸಣ್ಣ ಹುಳ, ಯಾವ್ದಿದು?

ಜಗಳೂರ್ ಕಡೆಯವ:
ಎಲ್ರಿಗೂ ನಮಸ್ಕಾರ. ಮೆಕ್ಕೆಜೋಳದ ಪಕ್ಕ ಮನೆ ರೊಟ್ಟಿಗೆ ಅಂತ ಒಂದೆಕ್ರೆ ಬಿಳಿಜೋಳ ಹಾಕಿದ್ವಿ. ನಾಕೈದು ತೆನೆಗೆ ಕಾಡಿಗೆ ರೋಗ ಬಂದೈತೆ, ಕಾಳು ಹಿಚುಕಿದ್ರೆ ಬೆರಳೆಲ್ಲಾ ಕರಿ. ಆ ತೆನೆ ಬಿಳಿ ಪಂಚೆ ಮೇಲೆ ಕೊಡವಿದ್ರೆ ಎಳ್ಳಿನಷ್ಟು ಸಣ್ಣ ಹುಳ ಉದುರಿದ್ವು, ಪಾಲಿಶ್ ಹೊಡ್ದಂಗೆ ಮಿಂಚ್ತಾವೆ, ಹಿಡಿಯೋಕೆ ಹೋದ್ರೆ ಬೆರಳಲ್ಲಿ ನಿಲ್ಲಲ್ಲ ಜಾರ್ತಾವೆ. ಚೆನ್ನಾಗಿರೋ ತೆನೇಲಿ ಒಂದೂ ಇಲ್ಲ. ಔಷಧಿ ಅಂಗಡೀಲಿ ಫೋಟೊ ತೋರಿಸಿದ್ದಕ್ಕೆ ಸ್ಪ್ರೇ ಡಬ್ಬಿ ಕೈಗಿಟ್ರು. ಅದೇ ಫೋಟೊ ಇಲ್ಲೂ ಹಾಕಿದೀನಿ, ಗುಲಗಂಜಿ ಹುಳದ ಮರಿನಾ ಇವು?

ದುರ್ಗದ ಹುಡುಗ:
ಹಿಸ್ಟರ್ ದುಂಬಿ ಕಣಣ್ಣ, ಸಗಣೀಲಿ ಸಿಗ್ತಾವಲ್ಲ, ಅವೂ ಹಿಂಗೇ ಮಿಂಚ್ತಾವೆ.

ಭೂತಗನ್ನಡಿ:
ಮಿಂಚಿದ್ದೆಲ್ಲಾ ಹಿಸ್ಟರ್ ಅಲ್ಲಪ್ಪ. ಹಿಸ್ಟರ್‌ಗೆ ಮೀಸೆ ಮೊಣಕೈ ತರ ಮಡಚಿರುತ್ತೆ, ರೆಕ್ಕೆ ಗಿಡ್ಡ, ಹಿಂದಿನ ತುದಿ ಹೊರಗೆ ಕಾಣುತ್ತೆ. ಈ ಫೋಟೊದಲ್ಲಿರೋದ್ರ ರೆಕ್ಕೆ ಪೂರ್ತಿ ಮುಚ್ಚೈತೆ, ಮೀಸೆ ತುದೀಲಿ ಮೂರು ಗಂಟಿನ ಗದೆ ಐತೆ. ಇವು ಫಲಾಕ್ರಿಡೇ ಅನ್ನೋ ಮಿಂಚೋ ದುಂಬಿಗಳ ಫ್ಯಾಮಿಲಿ, ನನ್ನ ಲೆಕ್ಕದಲ್ಲಿ ಅದ್ರೊಳಗಿನ ಫಲಾಕ್ರಸ್ ಅನ್ನೋ ಜೀನಸ್, ಯಾಕಂದ್ರೆ ಕಾಡಿಗೆ ತೆನೇಲೇ ಸಿಕ್ಕಿದಾವಲ್ಲ, ಇವುಗಳ ಮರಿ ತಿನ್ನೋದೇ ಕಾಡಿಗೆ ಪುಡಿ, ಅಂದ್ರೆ ಆ ರೋಗದ ಬೂಷ್ಟಿನ ಕಣ. ಇದರ ನೆಂಟ ಓಲಿಬ್ರಸ್ ಆದ್ರೆ ಸೇವಂತಿ ಜಾತಿ ಹೂವಲ್ಲಿ ಸಿಗುತ್ತೆ. ಫಲಾಕ್ರಸ್ ಹೆಸರು 1800ರಲ್ಲಿ ಸ್ವೀಡನ್ನಿನ ಕೀಟ ತಜ್ಞ ಪೈಕುಲ್ ಇಟ್ಟಿದ್ದು, ಗ್ರೀಕಲ್ಲಿ ಬೊಕ್ಕತಲೆ ಅಂತ ಅರ್ಥ, ನೋಡಿದ್ರೆ ನಗು ಬರುತ್ತೆ ಅಷ್ಟು ಸರಿಯಾಗೈತೆ.

ಗುಲಗಂಜಿ ಮರಿ ಅಂತೂ ಅಲ್ವೇ ಅಲ್ಲ, ದುಂಬಿಗೆ ರೆಕ್ಕೆ ಬಂದ್ಮೇಲೆ ಬೆಳವಣಿಗೆ ಮುಗೀತು. ಆದ್ರೆ ನೀವು ಹೇಳಿದ್ದು ಪೂರ್ತಿ ಅಡ್ಡದಾರೀನೂ ಅಲ್ಲ, ಮುಂಚೆ ಎರಡೂ ಕುಕುಯೋಯಿಡಿಯಾ ಅನ್ನೋ ಒಂದೇ ದೊಡ್ಡ ಗುಂಪಲ್ಲಿದ್ವು, 2015ರಲ್ಲಿ ಗುಲಗಂಜಿ ಕಡೆಯವ್ರನ್ನ ಬೇರೆ ಮನೆ ಮಾಡಿ ಕಳಿಸಿದ್ರು, ಇವು ಹಳೇ ಮನೇಲೇ ಉಳಿದ್ವು. ಸ್ಪೀಶೀಸ್ ಹೆಸರು ಮಾತ್ರ ಕೇಳ್ಬೇಡಿ, ಫೋಟೊ ಸಾಲಲ್ಲ, ಗಂಡು ಹುಳ ಕೊಯ್ದು ಬಿಡಿಸಿ ಮೈಕ್ರೋಸ್ಕೋಪಲ್ಲಿ ನೋಡ್ಬೇಕು.

ಸ್ಪ್ರೇ ಬೇಡ. ರೋಗ ತಂದಿದ್ದು ಹುಳ ಅಲ್ಲ, ಬೀಜಕ್ಕೆ ಅಂಟ್ಕೊಂಡು ಬಂದಿರೋ ಕಾಡಿಗೆ ಪುಡಿ. ತೆನೆಗೆ ಚೀಲ ಮುಚ್ಚಿ ಕೊಯ್ದು ಸುಡಿ, ಮುಂದಿನ ಸಲ ಕೆಜಿ ಬೀಜಕ್ಕೆ 4 ಗ್ರಾಂ ಗಂಧಕ ಕಲಸಿ ಬಿತ್ತಿ.

ಜಗಳೂರ್ ಕಡೆಯವ:
ಮಗಳ ಭೂತಗನ್ನಡೀಲಿ ನೋಡ್ದೆ ಸರ್, ಗದೆ ಐತೆ, ಹಿಂದೆ ಪೂರ್ತಿ ಮುಚ್ಚೈತೆ. ತೆನೆ ಸುಟ್ಟಾಯ್ತು. ಡಬ್ಬಿ ಮಾತ್ರ ವಾಪಸ್ ತಗಳಲ್ಲ ಅಂತವ್ರೆ.

ದುರ್ಗದ ಹುಡುಗ:
ಸರಿ ಬಿಡ್ರಿ, ನಂದು ತಪ್ಪಾಯ್ತು. ನಾಳೆ ಸಗಣಿ ಗುಂಡೀಲಿ ಮೀಸೆ ನೋಡ್ತೀನಿ.