ಮಾದರಿ ರೈಲಿನ ಹವ್ಯಾಸ: ನಮ್ಮ ಕಡೆ ಇದಕ್ಕೆ ಮುಂದೆ ದಾರಿಯಿದೆಯೇ?

ನಂದಿತಪ್ಪಲು (ಚಿಕ್ಕಬಳ್ಳಾಪುರ) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕೆಲಸದಲ್ಲಿರುವ ನಮ್ಮ ಭಾವನವರು ಹೋದ ವರ್ಷ ಊರಿಗೆ ಬಂದಾಗ ನನ್ನ ಮಗಳಿಗೆಂದು ಒಂದು ಮಾದರಿ ರೈಲಿನ ಸೆಟ್ ತಂದುಕೊಟ್ಟರು. ಒಂದು ಎಂಜಿನ್, ಮೂರು ಬೋಗಿ, ಮೊಟ್ಟೆಯಾಕಾರದಲ್ಲಿ ಜೋಡಿಸುವಷ್ಟು ಹಳಿ. ಪೆಟ್ಟಿಗೆಯ ಮೇಲೆ ಎಚ್‌ಒ, 1:87 ಎಂದು ಬರೆದಿದೆ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ. ಮಗಳು ಹದಿನೈದು ದಿನ ಓಡಿಸಿ ಕೈಬಿಟ್ಟಳು. ನಾನು ಬಿಡಲಿಲ್ಲ. ರಾತ್ರಿ ಊಟವಾದ ಮೇಲೆ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ಎಂಜಿನ್ ತಿರುವಿನಲ್ಲಿ ಹೊರಳಿ ನನ್ನ ಕಡೆಗೆ ಬರುವುದನ್ನು ಹಳಿಯ ಮಟ್ಟದಿಂದಲೇ ನೋಡುತ್ತಿರುತ್ತೇನೆ. ನಲವತ್ತು ವರ್ಷದ ಮನುಷ್ಯ ಇದರಲ್ಲಿ ಏನನ್ನು ಕಾಣುತ್ತಿದ್ದಾನೆ ಎಂದು ಮನೆಯವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಮಹಡಿಯಲ್ಲಿ ಹತ್ತು ಅಡಿಗೆ ಎಂಟು ಅಡಿಯ ಕೋಣೆಯೊಂದು ಖಾಲಿಯಿದೆ. ಅಲ್ಲಿ ಶಾಶ್ವತವಾಗಿ ಒಂದು ಮಾದರಿಯನ್ನು ಕಟ್ಟಬೇಕೆಂಬ ಆಸೆಯಿದೆ. ಆದರೆ ಈ ಹವ್ಯಾಸದ ತವರಾದ ಬ್ರಿಟನ್ನಿನಲ್ಲಿಯೇ, 1946ರಿಂದ ನಡೆದುಬಂದಿದ್ದ ಹ್ಯಾಟನ್ಸ್ ಎಂಬ ದೊಡ್ಡ ಅಂಗಡಿ 2024ರಲ್ಲಿ ಬಾಗಿಲು ಹಾಕಿತೆಂದೂ, ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆಯುತ್ತಿದ್ದ ವಾರ್ಲಿ ಪ್ರದರ್ಶನವು 2023ರದ್ದೇ ಕೊನೆಯೆಂದೂ ಓದಿದ ಮೇಲೆ ಮನಸ್ಸು ಹಿಂಜರಿಯುತ್ತಿದೆ. ಅಲ್ಲಿಯೇ ಹೀಗಾದರೆ ನಮ್ಮ ಕಡೆ ಇದಕ್ಕೆ ಏನು ಭವಿಷ್ಯ? ಹಣ ಹಾಕಬಹುದೇ?

ಕ್ಯಾತ್ಸಂದ್ರ ಕ್ಯಾಬಿನ್ (ತುಮಕೂರು):

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ಹಳಿಗಳ ನಡುವೆ, ಸ್ಲೀಪರ್‌ಗಳ (ಹಳಿಯ ಕೆಳಗಿನ ಅಡ್ಡಪಟ್ಟಿಗಳ) ಮೇಲೆ ಸಾಲಾಗಿ ಸಣ್ಣ ಲೋಹದ ಚುಕ್ಕೆಗಳಿವೆಯೇ ನೋಡಿ. ಇದ್ದರೆ ಅದು ಮಾರ್ಕ್ಲಿನ್ ಪದ್ಧತಿ. ಅಲ್ಲಿ ವಿದ್ಯುತ್ತು ನಡುವಿನ ಚುಕ್ಕೆಗಳಿಂದ ಎಂಜಿನ್ನಿಗೆ ಹತ್ತಿ, ಎರಡೂ ಹಳಿಗಳ ಮೂಲಕ ಹಿಂದಿರುಗುತ್ತದೆ. ಉಳಿದ ಬಹುಪಾಲು ಕಂಪನಿಗಳ ಮಾದರಿಗಳು ಎರಡು ಹಳಿಯ ಪದ್ಧತಿಯವು, ಹೆಚ್ಚಾಗಿ 12 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ಓಡುವವು. ಒಂದರ ಎಂಜಿನ್ನನ್ನು ಇನ್ನೊಂದರ ಹಳಿಯ ಮೇಲೆ ಇಟ್ಟು ಓಡಿಸಲಾಗದು. ಇದು ತಿಳಿಯದೆ ಹಣ ಹಾಕಿದವರನ್ನು ಕಂಡಿದ್ದೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಏನನ್ನು ಕಟ್ಟಬೇಕೆಂದಿದ್ದೀರಿ ಎಂಬುದನ್ನು ಬರೆದಿಲ್ಲ. ಭವಿಷ್ಯದ ಮಾತು ಅದರ ಮೇಲೆಯೇ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಎಚ್‌ಒ ಹಳಿಯ ಅಗಲ, ಅಂದರೆ ಎರಡು ಹಳಿಗಳ ನಡುವಿನ ಅಂತರ, 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1,435 ಮಿಲಿಮೀಟರ್ ಬರುತ್ತದೆ, ಅಂದರೆ ಯೂರೋಪಿನ ಬಹುಪಾಲು ಹಳಿಗಳ ಅಗಲ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದೇ ಅಳತೆಯಲ್ಲಿ ಇಳಿಸಿದರೆ 19.26 ಮಿಲಿಮೀಟರ್ ಆಗಬೇಕು, ಆ ಅಗಲದ ಸಿದ್ಧ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಭಾರತೀಯ ಎಂಜಿನ್ನುಗಳ ಎಚ್‌ಒ ಮಾದರಿಗಳು ಸಾಮಾನ್ಯವಾಗಿ ಕಿರಿದಾದ ಹಳಿಯ ಮೇಲೆಯೇ ಓಡುತ್ತವೆ. ಎದುರಿನಿಂದ ನೋಡಿದರೆ ದಪ್ಪ ಮೈಯವನು ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ಜಾಗದ ಸಮಸ್ಯೆಯೂ ಇದೆ. ನಮ್ಮ ಹಳೆಯ ನೀಲಿ ಬೋಗಿ ಇಪ್ಪತ್ತೊಂದು ಮೀಟರಿಗೂ ಉದ್ದ. ಮಾದರಿಯಲ್ಲಿ ಸುಮಾರು 24 ಸೆಂಟಿಮೀಟರ್. ಇಪ್ಪತ್ತು ಬೋಗಿಯ ರೈಲು ನಿಮ್ಮ ಕೋಣೆಯ ಉದ್ದವನ್ನೂ ದಾಟಿ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ.

ಆದರೆ ಇದೇ ಲೆಕ್ಕವನ್ನು ನಮ್ಮ ಕಡೆಯಿಂದ ಕಣ್ಮರೆಯಾದ ಹಳಿಗಳಿಗೆ ಹಾಕಿ ನೋಡಿ. 1884ರಲ್ಲಿ ಬೆಂಗಳೂರಿನಿಂದ ನಮ್ಮ ತುಮಕೂರಿಗೆ ಬಂದದ್ದು ಮೀಟರ್‌ಗೇಜ್. 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಟಿಟಿ ಎಂಬ ಅಳತೆಗೆಂದು ಮಾರುವ ಹಳಿಯ ಅಗಲ 12. ಇನ್ನು 1913ರಲ್ಲಿ ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಕೋಲಾರಕ್ಕೆ ಬಂದು, ಆ ದಶಕ ಮುಗಿಯುವುದರೊಳಗೆ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೂಲಕ ಬೆಂಗಳೂರನ್ನು ಮುಟ್ಟಿದ ನ್ಯಾರೋಗೇಜ್ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಅದು 8.76 ಆಗುತ್ತದೆ, ಎಲ್ಲೆಡೆ ಸಿಗುವ, ಎಚ್‌ಒಗಿಂತ ಚಿಕ್ಕ ಅಳತೆಯಾದ ಎನ್ ಸ್ಕೇಲಿನ ಹಳಿ 9 ಮಿಲಿಮೀಟರಿನದು. ಕೂದಲೆಳೆಯ ವ್ಯತ್ಯಾಸ. ಊರಿನಿಂದ ಕಿತ್ತುಹೋದ ರೈಲಿಗೆ ಅಂಗಡಿಯಲ್ಲಿ ಹಳಿ ಸಿಗುತ್ತದೆ, ಕಣ್ಣೆದುರು ಓಡುತ್ತಿರುವ ರೈಲಿಗೆ ಸಿಗುವುದಿಲ್ಲ ಎಂಬುದು ವಿಚಿತ್ರವಾದರೂ ನಿಜ.

ಹೀಗೆ ಕಟ್ಟುವವರು ಎನ್ ಸ್ಕೇಲಿನ ಅಗ್ಗದ ಎಂಜಿನ್ನೊಂದನ್ನು ಕೊಂಡು, ಅದರ ಮೋಟಾರು ಮತ್ತು ಗಾಲಿಗಳನ್ನು ಮಾತ್ರ ಉಳಿಸಿಕೊಂಡು, ಮೇಲಿನ ಮೈಯನ್ನು 1:87ರಲ್ಲಿ ತಾವೇ ಮಾಡಿ ಕೂರಿಸುತ್ತಾರೆ. ಮೊದಲು ಹಿತ್ತಾಳೆಯ ತಗಡು, ಪ್ಲಾಸ್ಟಿಕ್ ಹಾಳೆಗಳನ್ನು ಕತ್ತರಿಸಬೇಕಿತ್ತು; ಈಗ ತ್ರೀಡಿ ಪ್ರಿಂಟರ್ ಇದೆ. ನಿಯಂತ್ರಣಕ್ಕೆ ದುಬಾರಿ ಡಿಸಿಸಿ (ಹಳಿಯ ಮೂಲಕ ಪ್ರತಿ ಎಂಜಿನ್ನಿಗೂ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ಪದ್ಧತಿ) ಪೆಟ್ಟಿಗೆಯೇ ಬೇಕೆಂದಿಲ್ಲ, ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಉಚಿತವಾಗಿ ಸಿಗುವ ಡಿಸಿಸಿ-ಇಎಕ್ಸ್ ತಂತ್ರಾಂಶ ಹಾಕಿದರೆ ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು. ಮುಚ್ಚುತ್ತಿರುವುದು ಪೆಟ್ಟಿಗೆ ಕೊಳ್ಳುವವರ ಹವ್ಯಾಸವೆಂದೂ, ಮಾಡಿಕೊಳ್ಳುವವರದ್ದು ಈಗಷ್ಟೇ ಸುಲಭವಾಗುತ್ತಿದೆಯೆಂದೂ ನನಗೆ ತೋರುತ್ತದೆ.

ಚಿಂತಾಮಣಿ ಚೌಕ:

ತುಮಕೂರಿನವರ ಲೆಕ್ಕ ಸರಿಯಿದೆ, ಉತ್ಸಾಹ ಸ್ವಲ್ಪ ಹೆಚ್ಚಾಯಿತು. ನಾನು ಆಟಿಕೆ ವ್ಯಾಪಾರದಲ್ಲಿರುವವನು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. ಕೈಗೊಂಬೆಯಾದರೂ ಸರಿ, ಅಳತೆಗೆ ತಕ್ಕಂತೆ ಮಾಡಿದ ಎಂಜಿನ್ನಾದರೂ ಸರಿ, ಕಸ್ಟಮ್ಸ್ ಪಟ್ಟಿಯಲ್ಲಿ ಎರಡೂ ಒಂದೇ ತಲೆಬರಹದ ಕೆಳಗೆ ಬರುತ್ತವೆ. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಗುರುತೂ ಕಡ್ಡಾಯ. ವರ್ಷಕ್ಕೆ ಹತ್ತು ಎಂಜಿನ್ ಮಾರುವ ಅಂಗಡಿಯವನು ಇದನ್ನೆಲ್ಲ ಹೊರುವುದಿಲ್ಲ. ಮೋಟಾರು, ಗಾಲಿ, ಹಳಿ ಹೊರಗಿನಿಂದಲೇ ಬರಬೇಕಾಗಿರುವವರೆಗೆ ಇದು ವಿದೇಶದಲ್ಲಿ ಭಾವ ಇರುವವರ ಹವ್ಯಾಸ. ರೈಲಿನ ಹುಚ್ಚಿರುವ ಹುಡುಗರು ಈಗ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ದುಡ್ಡಿಲ್ಲದೆ ನಮ್ಮದೇ ಎಂಜಿನ್ನುಗಳನ್ನು ಓಡಿಸುತ್ತಾರೆ. ಅವರನ್ನು ಅಂಟು, ಬಣ್ಣಗಳ ಮುಂದೆ ಯಾರು ಕೂರಿಸುತ್ತಾರೆ?

ಹಳೇಹಳಿ (ಕೋಲಾರ):

ನನಗೆ ಅರವತ್ತೆಂಟು ವರ್ಷ. ಚಿಂತಾಮಣಿಯವರ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಸಿಮ್ಯುಲೇಟರಿನಲ್ಲಿ ಕೈಗೆ ಮಣ್ಣಾಗುವುದಿಲ್ಲ.

ನಾನು ಮೂರು ವರ್ಷಗಳಿಂದ ಆರು ಅಡಿ ಉದ್ದದ ಒಂದು ಪ್ಲೈವುಡ್ ಹಲಗೆಯ ಮೇಲೆ ನ್ಯಾರೋಗೇಜಿನ ಒಂದು ಹಳ್ಳಿ ನಿಲ್ದಾಣವನ್ನು ಕಟ್ಟುತ್ತಿದ್ದೇನೆ. ಹಳಿ ಬಿಟ್ಟರೆ ಕೊಂಡದ್ದು ಬಹಳ ಕಡಿಮೆ. ಎನ್ ಹಳಿಯ ಸ್ಲೀಪರ್‌ಗಳು ಒತ್ತೊತ್ತಾಗಿರುವುದರಿಂದ ನ್ಯಾರೋಗೇಜಿಗೆ ಒಪ್ಪುವುದಿಲ್ಲ ಎಂದು ಬಲ್ಲವರು ಆಕ್ಷೇಪಿಸುತ್ತಾರೆ. ನಾನು ಅವುಗಳ ಮೇಲೆ ನಮ್ಮ ಹೊಲದ ಕೆಮ್ಮಣ್ಣನ್ನೇ ಹರಡಿ ಮುಚ್ಚಿಬಿಟ್ಟೆ. ನಮ್ಮ ಹಳೆಯ ಹಳಿಗಳೂ ಮಣ್ಣಲ್ಲಿ ಹುಲ್ಲಲ್ಲಿ ಮುಳುಗಿಯೇ ಇದ್ದವಲ್ಲ! ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಒಂದರಿಯಲ್ಲಿ ಜಾಲಿಸಿ, ತೆಳ್ಳಗೆ ಉದುರಿಸಿ, ನೀರು ಬೆರೆಸಿದ ಫೆವಿಕಾಲನ್ನು ಹನಿಹನಿಯಾಗಿ ಬಿಡಬೇಕು. ಅದಕ್ಕೂ ಮುಂಚೆ ಒಂದು ಕೆಲಸವನ್ನು ಮರೆಯಬಾರದು: ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮಣ್ಣಿನಲ್ಲಿ ನಾಲ್ಕಾರು ಸಲ ಆಡಿಸಿ. ಕಾಗದಕ್ಕೆ ಕಪ್ಪು ಮರಳು ಮೀಸೆಯ ಹಾಗೆ ಅಂಟಿಕೊಂಡು ಬರುತ್ತದೆ. ನಾನು ಮೊದಲ ಸಲ ಇದನ್ನು ಮಾಡದೆ, ಆ ಕಪ್ಪು ಕಣಗಳೆಲ್ಲ ಮೋಟಾರಿನ ಅಯಸ್ಕಾಂತಕ್ಕೆ ಹತ್ತಿ, ಇದ್ದ ಒಂದೇ ಎಂಜಿನ್ನನ್ನು ಕಳೆದುಕೊಂಡೆ.

ಮುರಿದ ಚಂದ್ರಿಕೆಯ (ರೇಷ್ಮೆಹುಳು ಗೂಡು ಕಟ್ಟುವ ತಟ್ಟೆ) ಬಿದಿರಿನ ಸೀಳುಗಳಿಂದ ತಂತಿ ಕಂಬ, ಬೇಲಿ ಆಗುತ್ತವೆ. ತೆಂಗಿನ ನಾರನ್ನು ಕತ್ತರಿಸಿ ನಿಲ್ಲಿಸಿದರೆ ಒಣಹುಲ್ಲು. ನಂದಿತಪ್ಪಲಿನವರಿಗೆ ಒಂದು ಮಾತು: ಬೆಟ್ಟವನ್ನು ಕಟ್ಟಲು ಹೋಗಬೇಡಿ. ನಂದಿ 1,478 ಮೀಟರ್ ಎತ್ತರದ್ದು, ಸುತ್ತಲಿನ ನೆಲದಿಂದ ಐನೂರು ಮೀಟರಿಗೂ ಮೇಲಿದೆ. ಅಳತೆಗೆ ಸರಿಯಾಗಿ ಮಾಡಿದರೆ ಸುಮಾರು ಆರು ಮೀಟರ್ ಆಗಿ ಮಹಡಿಯ ತಾರಸಿ ಒಡೆಯಬೇಕಾಗುತ್ತದೆ. ಗೋಡೆಗೆ ಬಣ್ಣದಲ್ಲಿ ಬರೆಯಿರಿ, ಸಾಕು.

ಮುಂದಿನ ಪೀಳಿಗೆಯ ಚಿಂತೆ ನನಗೂ ಇತ್ತು. ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಹಳಿ 2013ರಲ್ಲಿ ಬ್ರಾಡ್‌ಗೇಜ್ ಆಯಿತು, ಈಗಿನ ಮಕ್ಕಳು ಹಳೆಯದನ್ನು ಕಂಡಿಲ್ಲ. ಪಕ್ಕದ ಮನೆಯ ಹುಡುಗ ಬಂದು ಎಂಜಿನ್ನನ್ನು ನೋಡಲೇ ಇಲ್ಲ. ‘ತಾತ, ಇಷ್ಟು ಚಿಕ್ಕ ರೈಲಲ್ಲಿ ಜನ ನಿಂತುಕೊಳ್ಳೋಕೆ ಆಗ್ತಿತ್ತಾ’ ಎಂದು ಕೇಳಿದ. ಈಗ ಭಾನುವಾರಗಳಲ್ಲಿ ಬಂದು ಬೋಗಿಯೊಳಗೆ ಜನರನ್ನು ಅಂಟಿಸುತ್ತಾನೆ.

ಕ್ಯಾತ್ಸಂದ್ರ ಕ್ಯಾಬಿನ್ (ತುಮಕೂರು):

ಅಯಸ್ಕಾಂತದ ಉಪಾಯಕ್ಕೆ ವಂದನೆಗಳು, ಹಿರಿಯರೇ. ಸುಂಕದ ವಿಷಯದಲ್ಲಿ ಚಿಂತಾಮಣಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಸುಂಕ ಬೀಳುವುದು ಒಂದು ಎಂಜಿನ್ನು, ನಾಲ್ಕು ಗಜ ಹಳಿಗೆ ಮಾತ್ರ. ಉಳಿದದ್ದನ್ನು ಮನೆಯಲ್ಲೇ ಮಾಡುವವನಿಗೆ ಶೇಕಡಾ 70ರ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ.

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಎಲ್ಲರಿಗೂ ಕೃತಜ್ಞತೆಗಳು. ನೋಡಿದೆ, ಚುಕ್ಕೆಗಳಿವೆ. ಆದ್ದರಿಂದ ಭಾವನವರ ಸೆಟ್ಟನ್ನು ಅದರ ಪಾಡಿಗೆ ನೆಲದ ಮೇಲೆ ಓಡಲು ಬಿಟ್ಟು, ಮಹಡಿಯಲ್ಲಿ 9 ಮಿಲಿಮೀಟರ್ ಹಳಿಯಿಂದ ನಂದಿ ಹಾಲ್ಟ್ ನಿಲ್ದಾಣವನ್ನು ಕಟ್ಟುವುದೆಂದು ತೀರ್ಮಾನಿಸಿದ್ದೇನೆ. ಹಳೆಯ ಕಟ್ಟಡ ಇನ್ನೂ ನಿಂತಿರುವುದರಿಂದ ನಿನ್ನೆ ಟೇಪು ಹಿಡಿದು ಹೋಗಿದ್ದೆವು. ಮೂರು ಅಡಿಯ ಕಿಟಕಿ ಮಾದರಿಯಲ್ಲಿ ಹತ್ತೂವರೆ ಮಿಲಿಮೀಟರ್ ಎಂದು ಮಗಳೇ ಲೆಕ್ಕ ಹಾಕಿದಳು. ಹಳೇಹಳಿಯವರೇ, ನ್ಯಾರೋಗೇಜ್ ಕಾಲದ ಬೋಗಿಗಳ ಒಳಗೆ ಹಲಗೆಗಳನ್ನು ಅಡ್ಡ ಹಾಕಿದ್ದರೋ ಉದ್ದಕ್ಕೆ ಹಾಕಿದ್ದರೋ, ತಮಗೆ ನೆನಪಿದೆಯೇ?

ಹಳೇಹಳಿ (ಕೋಲಾರ):

ನಾನು ಬಾಗಿಲಲ್ಲೇ ನಿಲ್ಲುತ್ತಿದ್ದವನು, ಒಳಗಿನದು ಖಚಿತವಾಗಿ ಹೇಳಲಾರೆ. ನಮ್ಮ ಅಕ್ಕ ಶ್ರೀನಿವಾಸಪುರದಲ್ಲಿದ್ದಾರೆ, ಯಾವಾಗಲೂ ಕೂತೇ ಹೋಗುತ್ತಿದ್ದವರು. ಕೇಳಿ ಬರೆಯುತ್ತೇನೆ.